ಕೊನೆಯ ಇಂಗ್ಲಿಷ್ ಸಾಲು

ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಯಾರೂ ಸುಮ್ಮಸುಮ್ಮನೆ ಹೆಬ್ಬೆಟ್ಟು ಒತ್ತುವ ಹಾಗಿರಲಿಲ್ಲ. ಅಪ್ಪ ಬಿಡುತ್ತಿರಲಿಲ್ಲ. ಕಡೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೂಗಳತೆಯಲ್ಲಿದ್ದ ಮನೆ ನಮ್ಮದು. ಅಪ್ಪ ಪತ್ರ ಬರೆಯುವವನು. ಕ್ರಯವಿರಲಿ, ದಾನವಿರಲಿ, ಪಾಲುಪಟ್ಟಿಯಿರಲಿ, ‘ಬರವಣಿಗೆ ರಂಗಪ್ಪ’ನ ಹತ್ತಿರವೇ ಬರೆಸೋಣ ಎಂದು ಸಖರಾಯಪಟ್ಟಣದಿಂದ, ಬೀರೂರಿನಿಂದ ಜನ ಬೆಳಗಿನ ಬಸ್ಸಿಗೇ ಬಂದು ನಮ್ಮ ಜಗುಲಿಯ ಮೇಲೆ ಕೂರುತ್ತಿದ್ದರು. ಅಪ್ಪ ಇಳಿಜಾರು ಮೇಜಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಅವರ ಮಾತು ಕೇಳಿ, ಕರಡು ಮಾಡಿ, ಛಾಪಾ ಕಾಗದದ ಮೇಲೆ ದುಂಡಗೆ ಇಳಿಸುತ್ತಿದ್ದ. ಆದರೆ ಪತ್ರದ ಕೊನೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿಸುತ್ತಿದ್ದ. ಎಲ್ಲ ಓದಿ ಹೇಳಿ ಮುಗಿದ ಮೇಲೆ ಪೆನ್ನು ಕೆಳಗಿಟ್ಟು, ಹೆಬ್ಬೆಟ್ಟು ಒತ್ತಬೇಕಾದವರ ಮುಖ ನೋಡುತ್ತಿದ್ದ.

“ಈಗ ನೀನು ತಿರುಗ್ಸಿ ಹೇಳು ನೋಡಾನ. ಈ ಕಾಗದ ಏನು ಮಾಡ್ತೈತೆ?”

ಪತ್ರದ ಭಾಷೆಯಲ್ಲಿ ಹೇಳಬೇಕಾಗಿರಲಿಲ್ಲ. ಅವರವರ ಮನೆ ಮಾತಿನಲ್ಲೇ ಹೇಳಬೇಕು. ಯಾವ ಹೊಲ, ಯಾರಿಗೆ ಹೋಗುತ್ತದೆ, ನಾಳೆಯಿಂದ ಅಲ್ಲಿ ಯಾರು ನೇಗಿಲು ಹೂಡುತ್ತಾರೆ, ತನಗೆ ಮತ್ತೆ ಕೇಳಲು ಬರುತ್ತದೋ ಇಲ್ಲವೋ. ಹಾಗೆ ತಿರುಗಿಸಿ ಹೇಳಿದ್ದು ಪತ್ರಕ್ಕೆ ಸರಿಹೊಂದಿದರೆ ಮಾತ್ರ ಅಪ್ಪ ಆ ಖಾಲಿ ಜಾಗದಲ್ಲಿ ಒಂದು ಇಂಗ್ಲಿಷ್ ಸಾಲು ಬರೆಯುತ್ತಿದ್ದ: ‘ರೆಡ್ ಓವರ್ ಅಂಡ್ ಎಕ್ಸ್‌ಪ್ಲೇನ್ಡ್, ಅಂಡ್ ಅಡ್ಮಿಟೆಡ್ ಟು ಬಿ ಕರೆಕ್ಟ್.’ ಓದಿ ಹೇಳಲಾಯಿತು, ಅರ್ಥ ತಿಳಿಸಲಾಯಿತು, ಸರಿಯೆಂದು ಒಪ್ಪಲಾಯಿತು ಎಂದಿಷ್ಟೇ ಅದರ ಹುರುಳು. ಹರೆಯದಲ್ಲಿ ಚಿಕ್ಕಮಗಳೂರಿನ ಒಬ್ಬ ಮುದಿ ವಕೀಲರ ಬಳಿ ಗುಮಾಸ್ತನಾಗಿದ್ದಾಗ ಅಪ್ಪ ಕಲಿತು ತಂದ ಸಾಲು ಅದು. ಪತ್ರವೆಲ್ಲ ಕನ್ನಡದಲ್ಲಿದ್ದರೂ ಈ ಒಂದು ಸಾಲನ್ನು ಅಪ್ಪ ಇಂಗ್ಲಿಷಿನಲ್ಲೇ ಬಿಟ್ಟಿದ್ದ. ಊರ ಕಡೆ ಜನರಿಗೋ ಅದರ ಮೇಲೆ ಎಲ್ಲಿಲ್ಲದ ಭಕ್ತಿ. “ಇಂಗ್ಲಿಷ್ ಸಾಲು ಬಿತ್ತಾ ರಂಗಪ್ನೋರೇ?” ಎಂದು ಕೇಳಿ, ಬಿದ್ದಿದೆ ಎಂದು ಗೊತ್ತಾದ ಮೇಲೆಯೇ ಎಲೆಯಡಿಕೆ ಬಾಯಿಗೆ ಹಾಕುತ್ತಿದ್ದರು. ಆ ಸಾಲಿದ್ದರೆ ಕಾಗದ ಕೋರ್ಟಿನಲ್ಲಿ ಬಗ್ಗುವುದಿಲ್ಲ ಎಂಬ ನಂಬಿಕೆ. ಅಪ್ಪನಿಗೆ ಈ ನಂಬಿಕೆ ಕೇಳಿದರೆ ರೇಗುತ್ತಿತ್ತು.

“ಸಾಲಲ್ಲಿ ಏನೂ ಇಲ್ಲ ಕಣ್ರೋ. ನೀವು ತಿರುಗ್ಸಿ ಹೇಳಿದ್ರಲ್ಲ, ಅದ್ರಲ್ಲಿರೋದು. ಸುಮ್ನೆ ಬರೆದ್ರೆ ಅದು ಸುಳ್ಳು ಸಾಕ್ಷಿ.”

ಒಮ್ಮೆ ಸಖರಾಯಪಟ್ಟಣದ ಒಬ್ಬ ಮುದುಕ ತನ್ನ ತೆಂಗಿನ ತೋಟದ ಪತ್ರಕ್ಕೆ ಬಂದಿದ್ದ. ಜೊತೆಯಲ್ಲಿ ಅಳಿಯ. ಪತ್ರ ಶುದ್ಧ ಕ್ರಯದ್ದು, ತೋಟ ಪೂರ್ತಿ ಅಳಿಯನ ಪಾಲಾಗುವಂಥದ್ದು. ತಿರುಗಿಸಿ ಹೇಳು ಎಂದಾಗ ಮುದುಕ ಗಂಟಲು ಸರಿಮಾಡಿಕೊಂಡು, “ನನ್ ಕೈಲಿ ಮರ ಹತ್ತೋಕೆ ಆಗಲ್ಲ, ಅಳಿಯ ನೋಡ್ಕಂತಾನೆ, ಕಾಯಿ ಇಬ್ರೂ ಹಂಚ್ಕಂತೀವಿ” ಎಂದ. ಅಪ್ಪ ಅಳಿಯನ ಕಡೆ ನೋಡಿದ. ಅಳಿಯ ಸೂರಿನ ಕಡೆ ನೋಡಿದ. ಅಪ್ಪ ಕಾಗದ ಮಡಿಸಿ ಮುದುಕನ ಕೈಗೆ ಕೊಟ್ಟು, ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ ಎಂದು ಇಬ್ಬರನ್ನೂ ಎಬ್ಬಿಸಿದ. ಅವರು ಮತ್ತೆ ಬರಲೇ ಇಲ್ಲ. ಅವತ್ತು ಅಪ್ಪನ ಮೇಲೆ ನನಗಿದ್ದ ಅಭಿಮಾನ ಹೇಳತೀರದು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದು ಬೇರೆ.

ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಅದರಲ್ಲಿ ಕಾಫಿ ಲೋಟ ದಾಟಿಸುವಷ್ಟು ಅಗಲದ ಕಿಂಡಿ. ಆ ಕಿಂಡಿಯ ಆಚೆ ಲಕ್ಕತ್ತೆಯ ರಾಜ್ಯ. ಲಕ್ಕತ್ತೆ ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಸತ್ತು, ಮಕ್ಕಳಿಲ್ಲದೆ, ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದವಳು. ನಾನು ಹುಟ್ಟುವ ಹೊತ್ತಿಗೇ ಅವಳು ಅಲ್ಲಿದ್ದಳು. ಹುರುಳಿಕಾಳು ಬೇಯಿಸಿ ಬಸಿದು ಅವಳು ಮಾಡುತ್ತಿದ್ದ ಸಾರಿಗೆ ಇನ್ನೊಂದು ಮುದ್ದೆ ಕೇಳದವರಿರಲಿಲ್ಲ. ಅವಳಿಗೂ ನನ್ನ ಅವ್ವನಿಗೂ ದಿನಕ್ಕೊಂದು ಜಗಳ. ಉಪ್ಪಿನ ಗಡಿಗೆ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು ನನಗೆ ನೆನಪಿರುವಷ್ಟು ಕಾಲವೂ ತೀರ್ಮಾನವಾಗಲಿಲ್ಲ. ಅವ್ವ ಎಡಕ್ಕಿಟ್ಟು ನೀರಿಗೆ ಹೋದರೆ ಬರುವಷ್ಟರಲ್ಲಿ ಅದು ಬಲಕ್ಕೆ ಬಂದಿರುತ್ತಿತ್ತು. ಆದರೂ ಊಟಕ್ಕೆ ಇಬ್ಬರೂ ಒಟ್ಟಿಗೇ ಕೂರುತ್ತಿದ್ದರು, ಎಲ್ಲರದ್ದೂ ಮುಗಿದ ಮೇಲೆ, ಮಾತಿಲ್ಲದೆ. ಲಕ್ಕತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಕಿಂಡಿಯ ಈಚೆ ನಡೆಯುವುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಪಡಸಾಲೆಯಲ್ಲಿ ಯಾರಾದರೂ ತಿರುಗಿಸಿ ಹೇಳುವಾಗ ತಡವರಿಸಿದರೆ ಒಳಗೆ ಸೌಟಿನ ಸದ್ದು ನಿಂತುಹೋಗುತ್ತಿತ್ತು.

ನಾನು ಹೈಸ್ಕೂಲು ಸೇರಿದ ವರ್ಷ ಅಪ್ಪನ ಬಲಗೈ ನಡುಗತೊಡಗಿತು. ಕರಡು ಅವನು ಹೇಳುವುದು, ಛಾಪಾ ಕಾಗದದ ಮೇಲೆ ನಾನು ಇಳಿಸುವುದು, ಕೆಳಗೆ ಬರೆದವರು ಎಂದು ಅವನು ರುಜು ಹಾಕುವುದು, ಹೀಗೊಂದು ಏರ್ಪಾಡಾಯಿತು. ಹೆಣ್ಣುಮಗಳನ್ನು ಪಡಸಾಲೆಯಲ್ಲಿ ಕೂರಿಸಿದ್ದಾನೆ ಎಂದು ಬೀದಿಯವರು ಆಡಿಕೊಂಡರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಂತೂ ಕನ್ನಡದ ‘ಸದರಿ’, ‘ಮೇಲ್ಕಂಡ’ಗಳಿಗಿಂತ ಕೊನೆಯ ಇಂಗ್ಲಿಷ್ ಸಾಲು ಬರೆಯುವುದೆಂದರೆ ಪ್ರಾಣ. ಒಂದು ದಿನ ಸ್ಕೂಲಿಗೆ ಹೊತ್ತಾಗುತ್ತಿದೆಯೆಂದು, ಪಾರ್ಟಿಗಳು ಬರುವ ಮೊದಲೇ ಆ ಸಾಲನ್ನೂ ಬರೆದಿಟ್ಟೆ. ಅಪ್ಪ ನೋಡಿದ. ಬೈಯಲಿಲ್ಲ. ಛಾಪಾ ಕಾಗದವನ್ನು ನನ್ನ ಕಣ್ಣೆದುರೇ ಎರಡಾಗಿ ಹರಿದು, ಪೇಟ ಸುತ್ತಿಕೊಂಡು, ಬಿಸಿಲಲ್ಲಿ ಖಜಾನೆಗೆ ನಡೆದುಹೋಗಿ ಬೇರೆ ಕಾಗದ ತಂದ.

“ಇನ್ನೂ ಆಗ್ದೇ ಇರೋದ್ನ ಆಯ್ತು ಅಂತ ಬರೀಬಾರ್ದು ಕಣೇ ಸರೋಜಿ. ಬರೆಯೋದಾದ್ರೆ ಈ ಮೇಜು ಮುಟ್ಬೇಡ.”

ಆ ಮಾತು ನನ್ನ ಎಲುಬಿಗೆ ಇಳಿಯಿತು. ನಾನು ಹುಟ್ಟು ಹಟಮಾರಿ. ಒಂದನ್ನು ಹಿಡಿದರೆ ಬಿಡುವವಳಲ್ಲ. ಹಿಡಿಸಿದವನು ಅಪ್ಪನೇ.

ಆ ನಡುವೆ ತಾತ, ಅಪ್ಪನ ಅಪ್ಪ, ಅಜ್ಜಂಪುರದಲ್ಲಿ ತೀರಿಕೊಂಡ; ಅಜ್ಜಿ ಮೊದಲೇ ಹೋಗಿದ್ದಳು. ಅಲ್ಲಿ ಅವನು ಸ್ವಂತ ದುಡಿಮೆಯಿಂದ ಕೊಂಡ ಆರು ಎಕರೆ ಎರೆಹೊಲವಿತ್ತು. ಉಯಿಲು ಬರೆದಿರಲಿಲ್ಲ. ಹೊಲ ಉಳುತ್ತಿದ್ದವನು ಅಪ್ಪನ ತಮ್ಮ, ತಿಮ್ಮಣ್ಣ ಚಿಕ್ಕಪ್ಪ. ಈರುಳ್ಳಿ, ಜೋಳ, ಹತ್ತಿ, ಎಲ್ಲ ಬೆಳೆಯುತ್ತಿದ್ದ; ನಮಗೆ ವರ್ಷಕ್ಕಾಗುವಷ್ಟು ಈರುಳ್ಳಿಯನ್ನು ರೈಲಿನಲ್ಲಿ ಹೇರಿಕೊಂಡು ಬರುತ್ತಿದ್ದ. ಆಗಷ್ಟೇ ಹೊಸ ಕಾನೂನು ಬಂದಿತ್ತು. ತಂದೆಯಾದವನು ಉಯಿಲಿಲ್ಲದೆ ಸತ್ತರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮಸಮ ಪಾಲು. ಖಾತೆ ಬದಲಾಯಿಸಲು ಹೋದ ಚಿಕ್ಕಪ್ಪನಿಗೆ ಅಮಲ್ದಾರ್ ಕಚೇರಿಯಲ್ಲಿ, ತಂಗಿ ಅಕ್ಕ ಯಾರಾದರೂ ಇದ್ದಾರೇನಯ್ಯ, ಇದ್ದರೆ ಅವರ ಕಾಗದ ತಾ ಎಂದರಂತೆ. ಅದನ್ನು ಅವನು ಅಪ್ಪನಿಗೆ ಹೇಳಿದ. ಆಮೇಲೆ ಊರಲ್ಲೆಲ್ಲ ನಡೆಯುತ್ತಿದ್ದುದು ನಮ್ಮ ಮನೆಯಲ್ಲೂ ನಡೆಯಿತು. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ಆಗ ಮನೆಮನೆಯ ಕೆಲಸವಾಗಿತ್ತು. ಒಂದು ಸೀರೆ, ಒಂದು ಊಟ, ಒಂದು ಹೆಬ್ಬೆಟ್ಟು.

ಅವತ್ತು ಸೋಮವಾರ. ಚಿಕ್ಕಪ್ಪ ಬೆಳಗಿನ ರೈಲಿಗೆ ಬಂದಿದ್ದ, ಲಕ್ಕತ್ತೆಗೆ ಒಂದು ಕಂದು ಅಂಚಿನ ಸೀರೆ ತಂದಿದ್ದ. ಅಪ್ಪ ಕರಡು ನನ್ನ ಮುಂದಿಟ್ಟ. ನಾನು ಇಳಿಸುತ್ತಾ ಹೋದೆ. ‘ಸದರಿ ಸ್ವತ್ತಿನಲ್ಲಿ ನನಗೆ ಇರಬಹುದಾದ ಸಕಲ ಹಕ್ಕುಗಳನ್ನು ನನ್ನ ಅಣ್ಣತಮ್ಮಂದಿರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ನನ್ನದು ಯಾವ ತಕರಾರೂ ಇರುವುದಿಲ್ಲ.’ ಬರೆಯುತ್ತಾ ಬರೆಯುತ್ತಾ, ಪತ್ರದಲ್ಲಿದ್ದ ‘ಲಕ್ಕಮ್ಮ’ ಎಂದರೆ ನಮ್ಮ ಲಕ್ಕತ್ತೆ ಎಂದು ತಲೆಗೆ ಹೋದದ್ದೇ ಮೂರನೆಯ ಸಾಲಿಗೆ. ಕೊನೆಗೆ ಬಂದು, ನಾಲ್ಕು ಬೆರಳು ಜಾಗ ಬಿಟ್ಟು, ಪೆನ್ನು ಎತ್ತಿದೆ.

“ಅದನ್ನೂ ಬರೆದ್ಬಿಡು” ಎಂದ ಅಪ್ಪ. ನನ್ನ ಮುಖ ನೋಡಲಿಲ್ಲ.

“ಅತ್ತೆ ಇನ್ನೂ ತಿರುಗ್ಸಿ ಹೇಳಿಲ್ವಲ್ಲ.”

“ಮನೇವ್ರಿಗೆಲ್ಲ ಅದ್ಯಾಕೆ? ನಾನೇ ಹೇಳಿದ್ದೀನಿ ಅವ್ಳಿಗೆ. ಬರಿ.”

ಅಪ್ಪ ಕೆಟ್ಟವನಾಗಿರಲಿಲ್ಲ. ಅವಳಿಗೆ ನಾವಿದ್ದೀವಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ. ಅವಳ ಊಟ, ಬಟ್ಟೆ, ಕಾಯಿಲೆ, ಕೊನೆಗೆ ಅವಳ ಸಾವಿನ ಕೆಲಸ, ಎಲ್ಲ ತನ್ನ ಮೇಲೇ ಇದೆ ಎಂದು ಲೆಕ್ಕ ಹಾಕಿದ್ದ. ಹೊಲ ತುಂಡಾಗಬಾರದು, ಚಿಕ್ಕಪ್ಪ ಬಾವಿ ತೋಡಿಸಬೇಕು, ಪಂಪು ಹಾಕಿಸಬೇಕು. ಇದೆಲ್ಲ ನ್ಯಾಯವೇ ಇರಬಹುದು. ಆದರೆ ಇದನ್ನು ಅವಳ ಮುಂದೆ ಬಾಯಿಬಿಟ್ಟು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ, ಅದು ನನಗೆ ಅವತ್ತೇ ಗೊತ್ತಾಯಿತು. ಸಖರಾಯಪಟ್ಟಣದ ಅಪರಿಚಿತ ಮುದುಕನಿಗೆ ಸಿಕ್ಕಿದ್ದು, ಇಪ್ಪತ್ತು ವರ್ಷ ನಮಗೆ ಮುದ್ದೆ ಕಟ್ಟಿದವಳಿಗೆ ಸಿಗಬಾರದೆ?

“ನಾನು ಬರೆಯಲ್ಲ” ಎಂದೆ.

ಚಿಕ್ಕಪ್ಪ ನಕ್ಕ. “ಏನಣ್ಣಾ ಇದು? ಹೆಣ್ಮಕ್ಳನ್ನ ಹೈಸ್ಕೂಲಿಗೆ ಕಳ್ಸಿದ್ರೆ ಹಿಂಗೇ ಆಗೋದು. ನೀನೇ ಗೀಚ್ಬಿಡು ಅತ್ಲಾಗೆ.”

ಅಪ್ಪ ಪೆನ್ನಿಗೆ ಕೈ ಚಾಚಿದ. ನಾನು ಕೊಡಲಿಲ್ಲ, ಬೆನ್ನ ಹಿಂದೆ ಹಿಡಿದೆ. ಅಷ್ಟರಲ್ಲಿ ಲಕ್ಕತ್ತೆ ಕೈ ಒರೆಸಿಕೊಳ್ಳುತ್ತಾ ಹೊಸಿಲಿಗೆ ಬಂದಳು. ಮಸಿ ಹತ್ತಲು ಸುಲಭವಾಗಲೆಂದು ಎಡಗೈ ಹೆಬ್ಬೆಟ್ಟನ್ನು ಆಗಲೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದಳು. “ಎಲ್ಲಿ ಒತ್ಬೇಕಣ್ಣಾ?” ಎಂದಳು. ಆ ಹೆಬ್ಬೆಟ್ಟು ಬೆಳ್ಳಗಾಗಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಅಳಲಿಲ್ಲ.

“ಅತ್ತೆ, ಒತ್ತಬೇಡ. ಮೊದ್ಲು ತಿರುಗ್ಸಿ ಹೇಳು. ಈ ಕಾಗದ ಏನು ಮಾಡ್ತೈತೆ?”

ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಕಿಂಡಿಯ ಆಚೆಯಿಂದ ಕೇಳಿಸಿಕೊಂಡ ಪ್ರಶ್ನೆ ತನಗೇ ಬಂದಿತ್ತು. ಸೆರಗು ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ನಿಂತು ಹೇಳಿದಳು.

“ಅಪ್ಪನ ಹೊಲ ಐತಲ್ಲ ಅಜ್ಜಂಪುರದಾಗೆ, ಅದು ಅಪ್ಪನ ಹೆಸರಿಂದ ನಮ್ಮ ಮೂರು ಜನದ ಹೆಸರಿಗೆ ಬತ್ತೈತೆ. ಅಣ್ಣಂದು, ತಿಮ್ಮಂದು, ನಂದು. ಅದಕ್ಕೆ ಎಲ್ರೂ ಒತ್ಬೇಕು. ಅಲ್ವೇನಣ್ಣಾ?”

ಚಿಕ್ಕಪ್ಪ ಕೆಮ್ಮಿದ. ನಾನು ಕಾಗದ ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಓದಿ, ಅಪ್ಪ ಬೇರೆಯವರಿಗೆ ಬಿಡಿಸಿ ಹೇಳುತ್ತಿದ್ದ ಹಾಗೆಯೇ ಬಿಡಿಸಿ ಹೇಳಿದೆ. ಇದಕ್ಕೆ ಒತ್ತಿದರೆ ಅತ್ತೆ, ಹೊಲ ಅವರಿಬ್ಬರದು. ನಿನ್ನದು ಅಂತ ಒಂದು ಹಿಡಿ ಮಣ್ಣೂ ಇರಲ್ಲ. ನಾಳೆ ಕೇಳೋಕೂ ಬರಲ್ಲ. ನಾನು ಹೇಳಿ ಮುಗಿಸುವ ಮೊದಲೇ ಅಪ್ಪನ ಕೈ ನನ್ನ ಕೆನ್ನೆಗೆ ಬಂತು. ನಡುಗುವ ಕೈ, ಆದರೂ ಕಿವಿಯವರೆಗೂ ಉರಿಯಿತು. ಅದಕ್ಕೆ ಮೊದಲು ಅವನು ನನ್ನನ್ನು ಹೊಡೆದಿರಲಿಲ್ಲ.

ಲಕ್ಕತ್ತೆ ನನ್ನ ಕಡೆ ತಿರುಗಲೂ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

“ಅಣ್ಣಾ, ಇವ್ಳು ಓದಿದ್ದು ಸರಿಯಾ?”

ಅಪ್ಪ ಇನ್ನೊಂದು ಸುಳ್ಳು ಹೇಳಬಹುದಿತ್ತು. ಚಿಕ್ಕಪ್ಪ ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದ. ಆದರೆ ಜೀವಮಾನವೆಲ್ಲ ಆ ಮೇಜಿನ ಹಿಂದೆ ಕೂತವನಿಗೆ ಅದು ಬಾಯಿಗೆ ಬರಲಿಲ್ಲ.

“ಹ್ಞೂಂ” ಎಂದ. “ಸರಿಯಾಗೇ ಓದವ್ಳೆ.”

“ಹಂಗಾದ್ರೆ ಓದಿದ್ದಾಯ್ತು, ತಿಳ್ಕಂಡಿದ್ದೂ ಆಯ್ತು. ಒಪ್ಪೋದು ನಂದು. ನಾನು ಒಪ್ಪಲ್ಲ” ಎಂದಳು ಲಕ್ಕತ್ತೆ. ಆ ಇಂಗ್ಲಿಷ್ ಸಾಲಿನ ಮೂರು ತುಂಡುಗಳನ್ನು ಅವಳಷ್ಟು ಚೆನ್ನಾಗಿ ಬಿಡಿಸಿ ತೋರಿಸಿದವರನ್ನು ನಾನು ಮುಂದೆ ಕಂಡಿಲ್ಲ.

ಚಿಕ್ಕಪ್ಪ ಎದ್ದು ನಿಂತು ಕೂಗಾಡಿದ. “ಯಾಕೆ ಬೇಕು ನಿಂಗೆ ಹೊಲ? ಮಕ್ಳಾ ಮರಿಯಾ? ಹೊತ್ಕಂಡು ಹೋಗ್ತೀಯಾ?”

“ಲೇ ತಿಮ್ಮಾ, ನಿನ್ನ ಎತ್ತಿ ಆಡ್ಸಿದ್ದು ನಾನು ಕಣೋ. ನೀನು ಹೊತ್ಕಂಡು ಹೋಗ್ತೀಯೇನೋ?”

ಆಗ ಆದದ್ದು ಯಾರೂ ಎಣಿಸದ್ದು. ಅವ್ವ ಅಡಿಗೆಮನೆಯಿಂದ ಬಂದಳು. ಉಪ್ಪಿನ ಗಡಿಗೆಗಾಗಿ ಬೆಳಿಗ್ಗೆ ತಾನೇ ಲಕ್ಕತ್ತೆಯ ಜೊತೆ ಕಿತ್ತಾಡಿದವಳು, ಬಂದು ಅವಳ ಪಕ್ಕಕ್ಕೇ ನಿಂತಳು. ಅಪ್ಪನ ಎದುರು ಅವ್ವ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

“ಹೋದ ದೀಪಾವಳೀಲಿ ಲಿಂಗದಹಳ್ಳೀಲಿ ನಮ್ಮಣ್ಣ ನನ್ ಕೈಲೂ ಒತ್ತಿಸ್ಕಂಡ. ಸೀರೆ ಕೊಟ್ಟ, ಒಬ್ಬಟ್ಟು ಬಡ್ಸಿದ. ಏನಂತ ಒತ್ತಿದ್ನೋ ನಂಗೆ ಇವತ್ತೇ ಗೊತ್ತಾಗಿದ್ದು. ನಂಗೆ ಯಾರೂ ಓದಿ ಹೇಳ್ಲಿಲ್ಲ. ಅವ್ಳಿಗೆ ನಮ್ ಸರೋಜಿ ಹೇಳವ್ಳೆ, ಬಿಡಿ.”

ಅಪ್ಪ ಕಾಗದ ಹರಿಯಲಿಲ್ಲ. ಮೇಜಿನೊಳಗೆ ಹಾಕಿ ಮುಚ್ಚಿ ಹೊರಗೆ ಹೋದ. ಚಿಕ್ಕಪ್ಪ ಊಟ ಮಾಡದೆ ರೈಲಿಗೆ ಹೊರಟ. ಹೋಗುವಾಗ ಸೀರೆಯನ್ನು ವಾಪಸ್ಸು ತೆಗೆದುಕೊಂಡು ಹೋದ ಎಂಬುದನ್ನು ಇಲ್ಲಿ ಬರೆಯದೆ ಬಿಡಲಾರೆ.

ಮನೆ ಎರಡು ತಿಂಗಳು ಉಸಿರು ಬಿಗಿಹಿಡಿದುಕೊಂಡಿತ್ತು. ನನ್ನನ್ನು ಮೇಜಿನ ಹತ್ತಿರ ಸೇರಿಸಲಿಲ್ಲ. ಕೈ ನಡುಗುತ್ತಿದ್ದರೂ ಅಪ್ಪ ತಾನೇ ಬರೆದ, ಒಂದು ಪತ್ರಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಇನ್ನು ಸ್ಕೂಲು ಸಾಕು ಎಂಬ ಮಾತೂ ಬಂತು. ಸ್ಕೂಲು ಬಿಡಿಸಿದರೆ ಕಚೇರಿ ಮುಂದೆ ಕೂತು ಬಂದವರಿಗೆಲ್ಲ ಪುಕ್ಕಟೆ ಕಾಗದ ಓದಿ ಹೇಳುತ್ತೇನೆ ಎಂದೆ. ಮಾಡುವವಳೇ ಎಂದು ಅಪ್ಪನಿಗೆ ಗೊತ್ತಿತ್ತು. ಲಕ್ಕತ್ತೆ ಮಾತ್ರ ಮೊದಲಿನಂತೆಯೇ ಅಡಿಗೆ ಮಾಡಿದಳು, ಬಡಿಸಿದಳು. ದಿನಾ ಅಪ್ಪನ ತಟ್ಟೆಗೆ ಎರಡನೆಯ ಮುದ್ದೆ ಇಡುವಾಗ ಒಂದೇ ಮಾತು ಕೇಳುತ್ತಿದ್ದಳು.

“ಅಣ್ಣಾ, ಮೂರು ಪಾಲಿನ ಪತ್ರ ಯಾವತ್ತು ಬರೀತೀಯ?”

ಜಗಳವಿಲ್ಲ, ಅಳುವಿಲ್ಲ. ಮಜ್ಜಿಗೆ ಬೇಕೇ ಎಂದು ಕೇಳುವ ದನಿ. ಅಪ್ಪ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ. ಮುದ್ದೆ ಬೇಡವೆಂದು ಕೈ ಅಡ್ಡ ಮಾಡಲೂ ಆಗುತ್ತಿರಲಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯದೆ ಕೂತೇ ಇದ್ದವನು, “ತಿಮ್ಮಂಗೆ ಹೇಳಿಕಳ್ಸಿದ್ದೀನಿ” ಎಂದ. ಚಿಕ್ಕಪ್ಪ ಕುಣಿದಾಡಿದ, ಅಪ್ಪ ಬಗ್ಗಲಿಲ್ಲ. ಪಾಲುಪಟ್ಟಿಯನ್ನು ಅಪ್ಪನೇ ಬರೆದ. ಓದಿ ಹೇಳಿದ. ಲಕ್ಕತ್ತೆ ತನ್ನ ಎರಡು ಎಕರೆಯ ಮೂಡಲಿಗೆ ಏನು, ಪಡುವಲಿಗೆ ಏನು, ತೆಂಕಲಿಗೆ ಯಾರ ಬದು, ಬಡಗಲಿಗೆ ಯಾವ ದಾರಿ ಎಂದು ಒಂದೂ ತಪ್ಪದೆ ತಿರುಗಿಸಿ ಹೇಳಿದಳು. ಅಜ್ಜಂಪುರದ ಜಮೀನಾದ್ದರಿಂದ ರಿಜಿಸ್ಟರ್ ಮಾಡಿಸಲು ತರೀಕೆರೆಗೇ ಹೋಗಬೇಕಿತ್ತು. ನಾನೂ ಹೋದೆ, ಬರಬೇಡ ಎಂದು ಯಾರೂ ಅನ್ನಲಿಲ್ಲ.

ಅಲ್ಲಿ ಕಚೇರಿಯ ತುಂಬ ಅಪ್ಪನ ಕಸುಬಿನವರೇ. ಬನ್ನಿ ರಂಗಪ್ಪನವರೇ ಎಂದು ದಾರಿ ಬಿಟ್ಟರು. ಅಧಿಕಾರಿ ವಾಡಿಕೆಯ ಪ್ರಶ್ನೆ ಕೇಳಿದರು. ಪತ್ರ ಓದಿ ಹೇಳಿದ್ದಾರೇನಮ್ಮಾ, ಒಪ್ಪಿ ತಾನೇ ಒತ್ತುತ್ತಿರುವುದು? ಇಂಥ ಪ್ರಶ್ನೆಗೆ ಜನ ಹ್ಞೂಂ ಎಂದು ಬೆರಳು ಚಾಚುವುದು ರೂಢಿ. ಲಕ್ಕತ್ತೆ ಬೆರಳನ್ನು ಚಾಚಲಿಲ್ಲ.

“ಓದಿ ಹೇಳವ್ನೆ ಸ್ವಾಮಿ, ನಮ್ಮಣ್ಣ. ಮೊದ್ಲು ಹೇಳಿರ್ಲಿಲ್ಲ. ಆಮೇಲೆ ಹೇಳ್ದ.”

ಕಚೇರಿಯವರೆಲ್ಲ ನಕ್ಕರು. ಅಪ್ಪನ ಮುಖ ಕಪ್ಪಿಟ್ಟಿತು. ನಾನು ತಲೆ ತಗ್ಗಿಸಲಿಲ್ಲ. ಈಗ ಇದನ್ನೆಲ್ಲ ಬರೆಯುವಾಗ, ಸತ್ತ ಅಪ್ಪನ ಬಗ್ಗೆ ಸ್ವಲ್ಪ ಮೆತ್ತಗಾಗಬಾರದೇ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಏಕೆ ಮೆತ್ತಗಾಗಬೇಕು? ನನ್ನನ್ನು ಗಟ್ಟಿ ಮಾಡಿದವನೇ ಅವನು. ನೀನು ಮಾಡಿದ್ದು ಸರಿ ಎಂದು ಅವನು ಕೊನೆಯವರೆಗೂ ಹೇಳಲಿಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ. ಮರುವಾರ ಛಾಪಾ ಕಾಗದವೊಂದನ್ನು ನನ್ನ ಮುಂದೆ ತಳ್ಳಿ, ಬರಿ ಎಂದ. ಬರೆದೆ.

ಹಿಂಗಾರು ಬಿತ್ತನೆಗೆ ಲಕ್ಕತ್ತೆ ನನ್ನನ್ನೂ ಕರೆದುಕೊಂಡು ಅಜ್ಜಂಪುರಕ್ಕೆ ಹೋದಳು. ಸ್ಟೇಷನ್ನಿನಿಂದ ನೆಟ್ಟಗೆ ಹೊಲಕ್ಕೆ. ಹಸಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತಿತ್ತು. ಚಿಕ್ಕಪ್ಪ ಎತ್ತು ಹೂಡಿಕೊಂಡು ಕುಂಟೆ ಹೊಡೆಯುತ್ತಿದ್ದ. ಹಳೇ ರೂಢಿಯಂತೆ ಆರು ಎಕರೆಯನ್ನೂ ಒಂದೇ ಸಾಲಿಗೆ ಹೊಡೆದುಕೊಂಡು ಬರುತ್ತಿದ್ದ. ನಮ್ಮನ್ನು ನೋಡಿಯೂ ನೋಡದಂತೆ ಬಂದ. ಲಕ್ಕತ್ತೆ ಹೊಸದಾಗಿ ನೆಟ್ಟ ಗಡಿಕಲ್ಲಿನ ಪಕ್ಕ ಹೋಗಿ ನಿಂತಳು. ಎತ್ತುಗಳ ಉಸಿರು ಅವಳ ಸೆರಗಿಗೆ ತಾಗುವಷ್ಟು ಹತ್ತಿರ ಬಂದರೂ ಕದಲಲಿಲ್ಲ.

“ಇಲ್ಲಿಂದ ಈಚೆಗೆ ನಂದು ಕಣೋ ತಿಮ್ಮಾ. ಎತ್ತು ತಿರುಗಿಸ್ಕೋ.”

ಚಿಕ್ಕಪ್ಪ ಅವಳನ್ನು ನೋಡಿದ, ಕಲ್ಲನ್ನು ನೋಡಿದ, ನನ್ನನ್ನು ದುರುಗುಟ್ಟಿದ. ಆಮೇಲೆ ಹಗ್ಗ ಎಳೆದು ಎತ್ತು ತಿರುಗಿಸಿಕೊಂಡ.